ಎಲ್ಲಾ ಹೋಯ್ತು ಅಂದೆ

ಅಕ್ಕನ ಪಾಠಗಳನ್ನು ಅಳಿಸಿದವನು ನಾನೇ ಎಂದು ಆ ವಾರವೇ ಬಾಯಿಬಿಟ್ಟಿದ್ದರೆ ಅವೆಲ್ಲ ಉಳಿಯುತ್ತಿದ್ದವು. ನಾನು ಬಾಯಿ ಬಿಡಲಿಲ್ಲ. ಅಳಿಸಿದ್ದು ಗೊತ್ತಿಲ್ಲದೆ ಆಯಿತು ಎಂದು ಆಮೇಲೆ ಕೆಲವರು ಸಮಾಧಾನ ಹೇಳಿದರು. ಸುಮ್ಮನಿದ್ದದ್ದು ಮಾತ್ರ ಗೊತ್ತಿದ್ದೇ ಆದದ್ದು.

ಮಲೆನಾಡಿನ ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುವವನು. ಕಣದಲ್ಲಿ ಒಣಗಿದ ಕಾಫಿಯನ್ನು ಚೀಲ ಮಾಡಿಸಿ, ಹೊಲಿಸಿ, ಒಂದರ ಮೇಲೊಂದು ಅಟ್ಟಿ ಹಾಕಿಸಿ, ಲಾರಿ ಬಂದಾಗ ತುಂಬಿಸಿ ಕಳಿಸುವುದು ನನ್ನ ಕೆಲಸ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ಅರ್ಥ ಅರ್ಧಂಬರ್ಧ. ಅಕ್ಕ ಪಿಯುಸಿ ಓದಿದ್ದಾಳೆ. ಸ್ಟೋರಿನ ಪಕ್ಕದ ಶೀಟಿನ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಇರುವುದು. ಅವಳು ಮನೆಯಲ್ಲೇ ಕೂಲಿಯವರ ಲೈನಿನ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಾಳೆ.

ಕಣ್ಣು ಕಾಣದ ಮಕ್ಕಳ ಒಂದು ಶಾಲೆಗೆ ಪಾಠಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವವರು ಬೇಕು ಎಂಬ ಸುದ್ದಿ ಅಕ್ಕನ ಫೋನಿಗೆ ಬಂದದ್ದು ಕಾಫಿ ಹೂವಾಗುವ ಕಾಲದಲ್ಲಿ. ಶಾಲೆಯಲ್ಲಿದ್ದಾಗ ಪ್ರಾರ್ಥನೆ ಮುಗಿದ ಮೇಲೆ ಪೇಪರ್ ಓದುತ್ತಿದ್ದವಳು ಅವಳೇ. ಒಂದು ಪುಟ ಓದಿ ಕಳಿಸಿದಳು. ಶಾಲೆಯ ಕಡೆಯಿಂದ ಈ ಕೆಲಸ ನೋಡುತ್ತಿದ್ದ ಮೇಡಂ ಫೋನ್ ಮಾಡಿ, ಸಮಾಜ ವಿಜ್ಞಾನದ ಪುಸ್ತಕ ನೀವೇ ಓದಿ, ಶಾಲೆ ತೆರೆಯುವಷ್ಟರಲ್ಲಿ ಮುಗಿಸಿಕೊಡಿ ಎಂದರು.

ನಮಗೆ ಗಡುವು ಅದಕ್ಕಿಂತ ಮೊದಲೇ ಇತ್ತು. ಶೀಟಿನ ಮಾಡಿನ ಮೇಲೆ ಮಳೆ ಹಿಡಿದರೆ ಎದುರು ಕೂತವರ ಮಾತು ನಮಗೇ ಕೇಳುವುದಿಲ್ಲ. ಮಳೆಗೆ ಮುಂಚೆ ಪುಸ್ತಕ ಮುಗಿಯಬೇಕಿತ್ತು. ಅಕ್ಕ ಬೆಳಿಗ್ಗೆ ಬೇಗ ಎದ್ದು, ಕೋಳಿಗಳನ್ನು ದೂರ ಅಟ್ಟಿ, ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಓದುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಹೊರಗೆ ನಿಂತು, ಕೆಲಸಕ್ಕೆ ಹೋಗುವವರಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಬೇಕಿತ್ತು.

ಪುಸ್ತಕದಲ್ಲಿ ‘ಚಿತ್ರ ನೋಡಿ’ ಎಂದು ಬಂದಾಗಲೆಲ್ಲ ಅವಳು ನಿಲ್ಲುತ್ತಿದ್ದಳು. ನೋಡಲಾಗದ ಮಕ್ಕಳಿಗೆ ಚಿತ್ರವನ್ನು ಮಾತಿನಲ್ಲಿ ಹೇಳಬೇಕು. ಅದನ್ನು ಬರೆದಿಟ್ಟುಕೊಳ್ಳುತ್ತಿರಲಿಲ್ಲ; ಆ ಕ್ಷಣಕ್ಕೆ ಏನು ಹೊಳೆಯಿತೋ ಅದೇ. ಕರ್ನಾಟಕದ ನಕ್ಷೆ ಬಂದ ದಿನ ಬಹಳ ಹೊತ್ತು ಒಳಗಿನಿಂದ ಸದ್ದೇ ಇರಲಿಲ್ಲ. ಆಮೇಲೆ ಅವಳ ದನಿ ಕೇಳಿತು:

“ಬಲಗೈ ಮುಷ್ಟಿ ಕಟ್ಟಿ, ಎದೆಯ ಮುಂದೆ ಅಡ್ಡಲಾಗಿ ಹಿಡಿಯಿರಿ. ಎಡಗೈಯಿಂದ ಗೆಣ್ಣುಗಳನ್ನು ಮುಟ್ಟಿ ನೋಡಿ. ಅದೇ ಘಟ್ಟ. ಗೆಣ್ಣು ದಾಟಿ ಬೆರಳು ಕೆಳಕ್ಕೆ ಜಾರುತ್ತದಲ್ಲ, ಅಲ್ಲಿ ಕರಾವಳಿ, ಆಮೇಲೆ ಸಮುದ್ರ. ಈ ಕಡೆ ಮೊಣಕೈವರೆಗೆ ಸಮವಾಗಿದೆಯಲ್ಲ, ಅದು ಬಯಲುಸೀಮೆ. ನಾನು ಈಗ ಕೂತು ಓದುತ್ತಿರುವುದು ಎರಡು ಗೆಣ್ಣುಗಳ ನಡುವಿನ ಸಂದಿಯಲ್ಲಿ.”

ಹೊರಗೆ ನಿಂತಿದ್ದ ನಾನೂ ಮುಷ್ಟಿ ಕಟ್ಟಿ ಮುಟ್ಟಿ ನೋಡಿಕೊಂಡೆ.

ರೆಕಾರ್ಡ್ ಆದದ್ದನ್ನು ಕಳಿಸುವುದು ನನ್ನ ಪಾಲಿನ ಕೆಲಸ. ಎಸ್ಟೇಟಿನ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ, ಲೆಕ್ಕಪತ್ರ ನೋಡುವ ರೈಟರ್ ಹಳೆಯದನ್ನು ನಮಗೆ ಕೊಟ್ಟಿದ್ದರು. ಆಫೀಸಿನ ನೆಟ್ ನಮ್ಮ ಮನೆಯ ಕಿಟಕಿಯವರೆಗೆ ಸಿಗುತ್ತಿತ್ತು. ಶಾಲೆಯವರು ಇಂಟರ್‌ನೆಟ್ಟಿನಲ್ಲಿ, ಅಂದರೆ ಎಲ್ಲೋ ದೂರದ ಒಂದು ಕಂಪ್ಯೂಟರಿನಲ್ಲಿ, ಜಾಗ ತೆಗೆದುಕೊಂಡಿದ್ದರು. ಓದುವವರೆಲ್ಲ ಪಾಠಗಳನ್ನು ಅಲ್ಲಿಗೆ ಹಾಕಬೇಕು. ವೆಬ್‌ಸೈಟ್ ತೆರೆದು ಒಂದೊಂದೇ ಹಾಕುವುದು ನನಗೆ ಒಗ್ಗಲಿಲ್ಲ, ಅರ್ಧಕ್ಕೆ ನಿಂತುಹೋಗುತ್ತಿತ್ತು. ಅದಕ್ಕೆ ಮೇಡಂ ಬೇರೆ ದಾರಿ ಹೇಳಿದರು: ಆ ದೂರದ ಜಾಗವನ್ನೇ ನಮ್ಮ ಕಂಪ್ಯೂಟರಿನಲ್ಲಿ ಒಂದು ಡ್ರೈವ್ ಆಗಿ ಕೂರಿಸುವುದು.

ಫೋನಿನಲ್ಲಿ ಅವರು ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ‘ದಿಸ್ ಪಿಸಿ’ ತೆರೆದು, ಮೇಲಿನ ಸಾಲಿನಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಹುಡುಕುವಷ್ಟರಲ್ಲಿ ಬೆವರು ಬಂದಿತ್ತು. ಡ್ರೈವಿಗೆ ಯಾವ ಅಕ್ಷರ ಎಂದು ಅದು ಕೇಳಿತು.

“ಝಡ್ ಇಡಿ,” ಎಂದರು ಮೇಡಂ.

ಕೆಳಗೆ ಅವರು ಕಳಿಸಿದ ಉದ್ದದ ವಿಳಾಸ ಹಾಕಿ, ಮುಂದಿನ ಸಲ ತಾನಾಗಿಯೇ ಸೇರಿಕೊಳ್ಳುವಂತೆ ಒಂದು ಗುರುತು ಒತ್ತಿ, ಹೆಸರು ಮತ್ತು ಪಾಸ್‌ವರ್ಡ್ ಹೊಡೆದೆ. ಎರಡು ಸಲ ತಪ್ಪೆಂದಿತು. ಮೂರನೆಯ ಸಲಕ್ಕೆ ಸಿ ಡ್ರೈವಿನ ಕೆಳಗೆ ಝಡ್ ಬಂದು ಕೂತಿತು.

“ಇನ್ನು ಪೆನ್‌ಡ್ರೈವಿಗೆ ಹಾಕೋ ಹಾಗೆ ಹಾಕಿ, ಅಷ್ಟೇ,” ಎಂದರು.

ಅಷ್ಟೇ ಆಗಲಿಲ್ಲ. ಮೊದಲ ಪಾಠವನ್ನು ಎಳೆದು ಹಾಕಿದರೆ ಫೈಲ್ ಮಿತಿಗಿಂತ ದೊಡ್ಡದು ಎಂದು ವಾಪಸ್ ಮಾಡಿತು. ಮತ್ತೆ ಫೋನ್ ಮಾಡಿದೆ. ಹೆಚ್ಚುಕಡಿಮೆ ಐವತ್ತು ಎಂಬಿ ದಾಟಿದರೆ ಆ ದಾರಿಯಲ್ಲಿ ಹೋಗುವುದಿಲ್ಲ, ಪಾಠವನ್ನು ತುಂಡು ಮಾಡಿ ಎಂದರು. ನಾವು ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ ಕಾಫಿ ತುಂಬುವುದೂ ಐವತ್ತು ಕೆಜಿಯ ಚೀಲಕ್ಕೆ. ಆ ಹೋಲಿಕೆಯಿಂದ ನನಗೆ ಧೈರ್ಯ ಬಂತು. ಇದೂ ಸ್ಟೋರಿನ ಕೆಲಸವೇ ಎಂದುಕೊಂಡೆ. ನನ್ನ ತಲೆ ಕೆಟ್ಟದ್ದು ಅಲ್ಲೇ ಎಂದು ಈಗ ಅನಿಸುತ್ತದೆ.

ದಿನಾ ಸಂಜೆ ಪಾಠಗಳನ್ನು ಫೋನಿನಿಂದ ಕಂಪ್ಯೂಟರಿಗೆ ತೆಗೆದು, ತುಂಡು ಮಾಡಿ, ಕೇಳಿ ನೋಡಿ, ಝಡ್‌ಗೆ ಹಾಕುತ್ತಿದ್ದೆ. ಅಕ್ಕನ ಫೋನಿನಲ್ಲಿ ಜಾಗ ಕಡಿಮೆ, ಆದ್ದರಿಂದ ಫೋನ್ ಖಾಲಿ ಮಾಡುತ್ತಿದ್ದೆ. ಕಂಪ್ಯೂಟರಿನಲ್ಲೂ ಆಫೀಸಿನ ಹಳೆ ಲೆಕ್ಕವೇ ತುಂಬಿ ಜಾಗ ಕಡಿಮೆ, ಅಲ್ಲಿಯದನ್ನೂ ಪೂರ್ತಿ ಹೋಗುವಂತೆ ಅಳಿಸುತ್ತಿದ್ದೆ. ಮಳೆಗೆ ಇನ್ನೂ ಸಮಯವಿರುವಾಗಲೇ ಪುಸ್ತಕ ಮುಗಿಯಿತು. ಚೆನ್ನಾಗಿದ್ದರೆ ವಿಜ್ಞಾನದ ಪುಸ್ತಕವನ್ನೂ ಕೊಡುತ್ತಾರಂತೆ ಎಂದು ಅಕ್ಕ ಹಿಗ್ಗಿದಳು.

“ಜಾಗ ಮಾಡಿಕ್ಕಿರೋ,” ಎಂದಳು.

ಕಂಪ್ಯೂಟರ್ ತೆರೆದರೆ ಸಿ ಡ್ರೈವಿನ ಪಟ್ಟಿ ತುಂಬಿ ಕೆಂಪಾಗಿತ್ತು. ಝಡ್‌ನ ಪಟ್ಟಿಯೂ ಅಷ್ಟೇ ಕೆಂಪು. ಎರಡರಲ್ಲೂ ಉಳಿದ ಜಾಗ ಒಂದೇ ಲೆಕ್ಕ ತೋರಿಸುತ್ತಿತ್ತು. ಹೀಗೆ ಕೂರಿಸಿದ ಡ್ರೈವಿಗೆ ದೂರದ ಜಾಗ ಎಷ್ಟೆಂದು ಗೊತ್ತಾಗದೆ ಅದು ಸಿ ಡ್ರೈವಿನ ಲೆಕ್ಕವನ್ನೇ ತೋರಿಸುತ್ತದಂತೆ. ಇದು ಆಮೇಲೆ ತಿಳಿದದ್ದು. ಆಗ ನಾನು ತಿಳಿದದ್ದು ಬೇರೆ: ಝಡ್ ಎಂದರೆ ನಮ್ಮ ಮನೆಯ ಸ್ಟೋರ್, ಇಲ್ಲಿ ಇಟ್ಟ ಸರಕನ್ನು ಅದು ಮೇಲಕ್ಕೆ ಕಳಿಸುತ್ತದೆ, ಕಳಿಸಿದ ಮೇಲೂ ಇಲ್ಲಿ ಜಾಗ ಹಿಡಿದುಕೊಂಡು ಕೂತಿದೆ.

ಲಾರಿ ಹೋದ ಮೇಲೆ ಸ್ಟೋರ್ ಗುಡಿಸಬೇಕು. ಹಳೆ ಕಾಳು ಮೂಲೆಯಲ್ಲಿ ಉಳಿದರೆ ಹುಳ ಹಿಡಿದು ಹೊಸ ಫಸಲಿಗೂ ತಗಲುತ್ತದೆ. ನಾನು ಈ ಕೆಲಸಕ್ಕೆ ಸೇರಿದಾಗ ಮೊದಲು ಕಲಿತದ್ದು ಅದನ್ನೇ, ನನಗೆ ಒಳ್ಳೆಯ ಹೆಸರು ಬಂದದ್ದೂ ಅದರಿಂದಲೇ. ಝಡ್ ತೆರೆದು ಎಲ್ಲ ಪಾಠಗಳನ್ನೂ ಒಟ್ಟಿಗೆ ಹಿಡಿದು ಡಿಲೀಟ್ ಒತ್ತಿದೆ. ಒಂದು ಉದ್ದನೆಯ ಇಂಗ್ಲಿಷ್ ಪದವಿದ್ದ ಪ್ರಶ್ನೆ ಬಂತು. ಕಂಪ್ಯೂಟರ್ ಯಾವುದಕ್ಕೆ ಪ್ರಶ್ನೆ ಕೇಳುವುದಿಲ್ಲ? ‘ಯೆಸ್’ ಒತ್ತಿದೆ. ಝಡ್ ಗುಡಿಸಿದ ನೆಲದ ಹಾಗೆ ಬೋಳಾಯಿತು.

ಲೋಡು ಕಳಿಸಿದ ದಿನ, ಸರಕು ಮುಟ್ಟಿತೇ ಎಂದು ಆ ಕಡೆಗೆ ಫೋನ್ ಮಾಡಿ ಕೇಳುವುದು ರೂಢಿ. ಅದೇ ರೂಢಿಯಲ್ಲಿ ವೆಬ್‌ಸೈಟ್ ತೆರೆದು ಅಕ್ಕನ ಫೋಲ್ಡರ್ ನೋಡಿದೆ. ‘ನೋ ಫೈಲ್ಸ್’ ಎಂದಿತ್ತು. ಆ ಎರಡು ಪದ ನನಗೆ ಅರ್ಥವಾಗುತ್ತವೆ. ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಅದೇ ಇತ್ತು.

ಅಷ್ಟರಲ್ಲಿ ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಬಂದಳು. ನಾನು ಪುಟ ಮುಚ್ಚಿದೆ.

“ಎಲ್ಲಾ ಹೋಯ್ತೇನೋ?”

“ಹೂಂ ಕಣಕ್ಕಾ. ಎಲ್ಲಾ ಹೋಯ್ತು.”

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೋಗಿದ್ದಂತೂ ನಿಜ. ಆದರೆ ಅವಳಿಗೆ ಅದು ಮುಟ್ಟಿತು ಎಂದು ಕೇಳಿಸಿತು, ಹಾಗೆ ಕೇಳಿಸಿದ್ದು ನನಗೆ ಅವಳ ಮುಖದಲ್ಲೇ ಕಂಡಿತು. ತಿದ್ದಲು ಒಂದು ಉಸಿರಿನಷ್ಟು ಸಮಯವಿತ್ತು. ನಾನು ಮೌಸ್ ಹಿಡಿದು ಕೂತಿದ್ದೆ.

“ಇವತ್ತು ಕಡುಬು ಮಾಡ್ತೀನಿ ತಡಿ,” ಎಂದು ಅವಳು ಒಳಗೆ ಹೋದಳು.

ಆಮೇಲಿನ ದಿನಗಳಲ್ಲಿ ನಾನು ಒಂದು ಕಡೆ ನಿಂತವನಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಮನೆಗೆ ಬಂದು ಝಡ್ ತೆರೆಯುತ್ತಿದ್ದೆ. ಅದನ್ನು ಕಿತ್ತು ಮತ್ತೆ ಕೂರಿಸಿದರೆ ಫೈಲುಗಳು ಬರಬಹುದೇ ಎಂದು ಕಿತ್ತು ಕೂರಿಸಿದೆ. ನೆಟ್ ಹೋದಾಗ ಝಡ್ ಮೇಲೆ ಕೆಂಪು ಅಡ್ಡಗೀಟು ಬರುತ್ತಿತ್ತು. ಅದನ್ನು ಕಂಡರೆ ನನಗೆ ಸಮಾಧಾನ, ತಪ್ಪು ನೆಟ್ಟಿನದು ಎಂದುಕೊಳ್ಳಬಹುದಿತ್ತು. ಗೀಟು ಹೋದ ಕೂಡಲೇ ಮತ್ತೆ ತೆರೆದು ನೋಡುತ್ತಿದ್ದೆ, ಬೋಳೇ ಇರುತ್ತಿತ್ತು. ವೆಬ್‌ಸೈಟಿನ ಎಡಗಡೆ, ಕೆಳಗೆ, ‘ಡಿಲೀಟೆಡ್’ ಎಂದು ಶುರುವಾಗುವ ಒಂದು ಸಾಲಿತ್ತು. ಆ ಪದ ನನಗೆ ಗೊತ್ತು. ಅದನ್ನು ಒತ್ತಿದರೆ ಇದ್ದದ್ದೂ ಅಳಿಸಿಹೋದರೆ ಎಂದು ಬೆರಳು ಹತ್ತಿರ ತೆಗೆದುಕೊಂಡು ಹೋಗಿ ಹಿಂದಕ್ಕೆ ತರುತ್ತಿದ್ದೆ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಹೇಳಬೇಕಾಗುತ್ತಿತ್ತು.

ಸ್ಟೋರಿನಲ್ಲಿ ಗುಡಿಸಿದ ಕಡೆಯೇ ಗುಡಿಸಿದೆ. ಒಂದು ದಿನ ರೈಟರನ್ನು ಸುತ್ತು ಬಳಸಿ ಕೇಳಿದೆ, “ಸಾ, ಒಂದ್ಸಲ ಹೋದ ಲೋಡು ವಾಪಸ್ ತರಿಸ್ಬೌದಾ?”

“ಏನ್ ಮಾರಾಯ, ಬೆಳಿಗ್ಗೆ ಬೆಳಿಗ್ಗೇನೇ ಏರಿಸ್ಕಂಡು ಬಂದಿದೀಯಾ? ಕಳಿಸೋದೇ ಕಷ್ಟ, ವಾಪಸ್ ಯಾಕೋ?” ಎಂದು ನಕ್ಕರು. ನಾನೂ ನಕ್ಕು ಬಂದೆ.

ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುತ್ತಿದ್ದೆ. “ಜಿರಲೆ ತರ ಯಾಕೋ ಓಡಾಡ್ತೀಯಾ? ಕೂತ್ಕಂಡ್ ಉಣ್ಣು,” ಎಂದು ಅಕ್ಕ ಗದರುತ್ತಿದ್ದಳು. ಅವಳು ಆಗಲೇ ವಿಜ್ಞಾನದ ಪುಸ್ತಕವನ್ನು ಯಾರಿಂದಲೋ ತರಿಸಿಕೊಂಡು ಚಿತ್ರಗಳನ್ನು ನೋಡುತ್ತಿದ್ದಳು.

ಮೇಡಂ ಅವರ ಫೋನ್ ಬಂದದ್ದು ಮಳೆ ಹಿಡಿದ ಮೇಲೆ, ಅಷ್ಟೊತ್ತಿಗೆ ನಾನು ಅಳಿಸಿ ತಿಂಗಳು ದಾಟಿತ್ತು. ಅಕ್ಕ ಹೊಲಿಯುತ್ತಾ ಸ್ಪೀಕರಿಗೆ ಹಾಕಿದಳು.

“ನಿಮ್ಮ ಫೋಲ್ಡರ್ ಖಾಲಿ ಇದೆಯಲ್ಲಮ್ಮ. ಶಾಲೆ ಶುರುವಾಗಿದೆ.”

“ಇಲ್ಲ ಮೇಡಂ, ಎಲ್ಲಾ ಹೋಗೈತೆ. ನನ್ ತಮ್ಮ ಹಾಕವ್ನೆ.”

“ನನ್ನ ಮುಂದೇ ತೆರೆದಿದೆ, ಒಂದೂ ಇಲ್ಲ. ಆಗದಿದ್ದರೆ ಆಗಲಿಲ್ಲ ಅಂತ ಮೊದಲೇ ಹೇಳಬಹುದಿತ್ತಮ್ಮ, ತಪ್ಪೇನಿಲ್ಲ. ಬೇರೆಯವರಿಗೆ ಕೊಡುತ್ತಿದ್ದೆವು.”

ಅಕ್ಕನ ಮುಖ ಕೆಂಪಾಯಿತು. ಮಷೀನಿನ ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು. “ಓದದೆ ಓದಿದೀನಿ ಅನ್ನೋಳಲ್ಲ ನಾನು. ನನ್ ತಮ್ಮನೂ ಸುಳ್ಳು ಹೇಳೋನಲ್ಲ ಮೇಡಂ. ನಿಮ್ ಕಡೇನೇ ಏನೋ ಆಗೈತೆ, ನೋಡಿ.”

ಮೇಡಂ, ನೋಡುತ್ತೇನೆ ಎಂದು ಹೇಳಿ ಇಟ್ಟರು. ನಂಬದವರು ಹೇಳುವ ‘ನೋಡುತ್ತೇನೆ’ ಅದು.

ಅಕ್ಕ ನನ್ನ ಕಡೆ ತಿರುಗಿದಳು. “ನೀನೇ ಹೇಳೋ. ಹೋಗಿತ್ತು ತಾನೇ?”

“ಅವರ ಸರ್ವರ್ ಕೈಕೊಟ್ಟಿರ್ಬೇಕು,” ಎಂದೆ. ಇದು ಪೂರಾ ಸುಳ್ಳು. ಮೊದಲ ಸಲ ಮಾತಿನ ಮರೆಯಾದರೂ ಇತ್ತು, ಈ ಸಲ ಅದೂ ಇರಲಿಲ್ಲ.

ಸ್ಟೋರಿಗೆ ಹೋದೆ. ಪೊರಕೆ ಕೈಗೆತ್ತಿಕೊಂಡೆ. ಗುಡಿಸಲು ಏನೂ ಇರಲಿಲ್ಲ. ಸುಳ್ಳು ಹೇಳುವವಳು ಎಂದು ಅವಳನ್ನು ಒಬ್ಬರು ತಿಳಿದು ಕೂತಿದ್ದಾರೆ, ಅವಳು ನನ್ನ ಪರವಾಗಿ ಜಗಳವಾಡುತ್ತಿದ್ದಾಳೆ, ನಾನಿಲ್ಲಿ ಪೊರಕೆ ಹಿಡಿದು ನಿಂತಿದ್ದೇನೆ. ಪೊರಕೆ ಬಿಸಾಕಿ, ಗೇಟಿನ ಮೇಲಿನ ತಿರುವಿಗೆ ಓಡುತ್ತಲೇ ಹೋದೆ. ಅಕ್ಕನಿಗೆ ಕೇಳಿಸದ ಹಾಗೆ ಮಾತಾಡಲು ಸಿಗ್ನಲ್ ಸಿಗುವುದು ಅಲ್ಲೇ.

“ಮೇಡಂ, ಅಕ್ಕ ಪೂರ್ತಿ ಪುಸ್ತಕ ಓದಿದ್ಲು. ನಾನು ಅಳಿಸ್ಬುಟ್ಟೆ,” ಎಂದೆ. ಝಡ್, ಕೆಂಪು ಪಟ್ಟಿ, ಗುಡಿಸಿದ್ದು, ಎಲ್ಲ ಹೇಳಿದೆ.

“ಅಯ್ಯೋ, ಝಡ್ ಅಂದರೆ ನಿಮ್ಮ ಮನೆಯದಲ್ಲಪ್ಪ. ಇಲ್ಲಿಗೇ ಇಟ್ಟ ಕಿಟಕಿ ಅದು. ಅಲ್ಲಿ ತೆಗೆದರೆ ಇಲ್ಲೇ ಹೋಗುತ್ತೆ. ಇರಿ, ಇಲ್ಲಿ ಕಸದ ಬುಟ್ಟಿ ಇದೆ, ಅಳಿಸಿದ್ದು ಒಂದು ತಿಂಗಳು ಇರುತ್ತೆ.” ಕೀಲಿ ಒತ್ತುವ ಸದ್ದು ಕೇಳಿತು. ಆಮೇಲೆ ನಿಂತಿತು. “ಯಾವಾಗ ಅಳಿಸಿದಿರಿ?”

ಹೇಳಿದೆ.

“ಹೋದ ವಾರ ಫೋನ್ ಮಾಡಿದ್ದರೂ ಸಿಗುತ್ತಿತ್ತು.” ಅವರು ಬೈಯಲಿಲ್ಲ. “ಖಾಲಿಯಾಗಿದೆ.”

ಎಡಗಡೆಯ ಆ ಸಾಲು. ನಾನು ಬೆರಳು ಹತ್ತಿರ ತಂದು ಹಿಂದಕ್ಕೆ ತೆಗೆಯುತ್ತಿದ್ದಾಗೆಲ್ಲ ಪಾಠಗಳು ಅದರ ಹಿಂದೆಯೇ ಕೂತಿದ್ದವು.

ಪುಸ್ತಕವನ್ನು ಬೇರೆಯವರಿಗೆ ಕೊಡಬೇಡಿ ಎಂದು ಬೇಡಿದೆ. ಅವರು ಯೋಚಿಸಿ, “ಈ ವಾರದಲ್ಲಿ ಮೊದಲ ಪಾಠಗಳು ಬಂದರೆ ಸಾಕು, ಉಳಿದದ್ದು ನಿಧಾನವಾಗಿ ಬರಲಿ. ಅಕ್ಕನಿಗೆ ಹೇಳಿದಿರಾ?” ಎಂದರು.

“ಇಲ್ಲ.”

“ಮೊದಲು ಅವರಿಗೆ ಹೇಳಿ.”

ಮಷೀನಿನ ಸದ್ದಿನ ನಡುವೆಯೇ ಹೇಳಿದೆ. ಅಕ್ಕ ಹೊಲಿಗೆ ನಿಲ್ಲಿಸಿದಳು, ತಲೆ ಎತ್ತಲಿಲ್ಲ.

“ಅವತ್ತೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ನಾನು ಕಡುಬು ಮಾಡಿದ್ದೆ ಕಣೋ,” ಎಂದಳು. ಮತ್ತೆ ಹೊಲಿಯಲು ತೊಡಗಿದಳು.

ಅವಳು ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಗಲೂ ನನ್ನ ಬಾಯಲ್ಲಿ ಬರಬೇಕಾದ ಒಂದು ಮಾತು ಬರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಆಡಿದವರಲ್ಲ. ಜಗಳವಾದರೆ ಅಪ್ಪ ‘ಬಿಸಿನೀರು ಕಾದೈತೆ’ ಎನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ನಾನು ಒಲೆ ಹಚ್ಚಿ ನೀರು ಕಾಯಿಸಿದೆ. ಅವಳು ಸ್ನಾನಕ್ಕೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಪುಸ್ತಕ ತೆರೆದು ಕೂತಳು. ರೆಕಾರ್ಡ್ ಕೇಳಿದರೆ ಬರೀ ಶೀಟಿನ ಸದ್ದು, ಅವಳ ದನಿ ಅದರಡಿಯಲ್ಲಿ ಎಲ್ಲೋ. ತಲೆ ಮೇಲೆ ಕಂಬಳಿ ಹೊದ್ದು ಓದಿದಳು. ಉಸಿರು ಕಟ್ಟಿ ಕೆಮ್ಮಿದಳು. ನಾನು ಒಳಗೂ ಹೊರಗೂ ತಿರುಗುತ್ತಾ, ಸ್ಟೋರಿನ ಬಾಗಿಲು ತೆಗೆದು, ಎರಡು ಅಟ್ಟಿಗಳ ಸಂದಿಯಲ್ಲಿ ಹೋಗಿ ನಿಂತೆ. ಧಣಿಗಳು ಒಳ್ಳೆಯ ರೇಟು ಬರಲಿ ಎಂದು ಚೆರ್ರಿ ಇನ್ನೂ ಇಟ್ಟುಕೊಂಡಿದ್ದರು. ಹೆಂಚಿನ ಎತ್ತರದ ಮಾಡು, ಎರಡೂ ಕಡೆ ತಲೆ ಮಟ್ಟ ಚೀಲ. ಮಳೆ ಎಲ್ಲೋ ಪಕ್ಕದ ಗುಡ್ಡದ ಮೇಲೆ ಸುರಿಯುತ್ತಿರುವ ಹಾಗೆ ಕೇಳುತ್ತಿತ್ತು. ಇಷ್ಟು ವರ್ಷ ಅಲ್ಲಿ ನಿಂತವನಿಗೆ ಅದು ಕೇಳಿಸಿದ್ದು ಅವತ್ತೇ.

ರೈಟರ್ ಹತ್ತಿರ ಹೋಗಿ ನಡೆದದ್ದನ್ನು ನೇರ ಹೇಳಿ, ಅಕ್ಕ ಸ್ಟೋರಿನಲ್ಲಿ ಕೂತು ಓದಲು ಬಿಡಿ ಎಂದು ಕೇಳಿದೆ. ಮೂರನೆಯ ಸಲ ಹೇಳುವುದು ಸುಲಭವಾಗಿತ್ತು.

“ಧಣಿ ಕೇಳಿದ್ರೆ ಏನನ್ಲೋ? ಕಾಫಿ ಚೀಲಕ್ಕೆ ಸಮಾಜ ವಿಜ್ಞಾನ ಹೇಳ್ಕೊಡ್ತಾವ್ರೆ ಅನ್ಲಾ?” ಎಂದರು. ಆಮೇಲೆ, “ಚೀಲ ಗೋಡೆಗೆ ತಾಗಿಸ್ಬೇಡ, ಹಲಗೆ ಮೇಲೇ ಇರ್ಲಿ, ತೇವ ಹಿಡಿದ್ರೆ ನಿನ್ನನ್ನೇ ಚೀಲಕ್ಕೆ ಹಾಕಿ ಹೊಲಿಸ್ತೀನಿ,” ಎಂದು ಒಪ್ಪಿಕೊಂಡರು.

ಚೀಲಗಳನ್ನು ಒಬ್ಬನೇ ಹೊತ್ತು ಅಟ್ಟಿ ಬದಲಿಸಿದೆ. ಮೂರು ಕಡೆ ಚೀಲದ ಗೋಡೆ, ಬಾಗಿಲಿಗೆ ಕಂಬಳಿ, ಮೇಲೆ ಅಡ್ಡ ಬಿದಿರು ಇಟ್ಟು ಖಾಲಿ ಗೋಣಿಗಳ ಹೊದಿಕೆ. ಒಳಗೆ ಎರಡು ಸ್ಟೂಲು, ಒಂದು ಬ್ಯಾಟರಿ ಲೈಟು. ಅಕ್ಕ ಬಂದು ಸುತ್ತ ನೋಡಿದಳು. ಕಾಫಿಯ ಧೂಳಿಗೆ ಒಂದು ಸಲ ಸೀನಿದಳು. ಕೂತು ಓದಿದಳು. ಕೇಳಿ ನೋಡಿದರೆ ಅವಳ ದನಿ, ಹಿಂದೆ ಒಂದಿಷ್ಟು ಗುಂಯ್‌ಗುಡುವಿಕೆ, ಅಷ್ಟೇ.

ಈ ಸಲ ಫೋನಿನಲ್ಲಿ ಅಳಿಸಲಿಲ್ಲ. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ, ಝಡ್‌ನಲ್ಲಿ ಒಂದು. ಆ ಕಡೆ ಕೇಳಿಸುತ್ತಿದೆ ಎಂದು ಮೇಡಂ ಹೇಳುವವರೆಗೆ ಯಾವುದನ್ನೂ ಮುಟ್ಟಲಿಲ್ಲ.

ಅಕ್ಕ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. “ಲೈಟು ಈ ಕಡೆ.” “ತುಂಡು ಮಾಡ್ಕೋ.” ನಕ್ಷೆಯ ಪಾಠ ಬಂತು. ‘ಚಿತ್ರ ನೋಡಿ’ ಎಂದು ಓದಿ ನಿಂತಳು. ಏನೋ ಹೇಳಲು ಹೋಗಿ ಬಿಟ್ಟಳು. ಮತ್ತೆ ಶುರು ಮಾಡಿ ಮತ್ತೆ ಬಿಟ್ಟಳು. ಪುಸ್ತಕ ತೊಡೆಯ ಮೇಲೆ ಬೋರಲು ಹಾಕಿದಳು.

“ಅವತ್ತು ಏನೋ ಚೆಂದಾಗಿ ಬಂದಿತ್ತು. ಹೋಯ್ತು,” ಎಂದಳು, ತನಗೆ ತಾನೇ.

ನಾನು ಬಲಗೈ ಮುಷ್ಟಿ ಕಟ್ಟಿ ಎದೆಯ ಮುಂದೆ ಅಡ್ಡ ಹಿಡಿದೆ. “ಗೆಣ್ಣು ಘಟ್ಟ ಅಂದಿದ್ದೆ. ಜಾರೋ ಕಡೆ ಸಮುದ್ರ. ಈ ಕಡೆ ಬಯಲುಸೀಮೆ. ನೀನು ಕೂತಿರೋದು ಸಂದೀಲಿ ಅಂದಿದ್ದೆ.”

ಬ್ಯಾಟರಿ ಬೆಳಕಿನಲ್ಲಿ ಅವಳು ನನ್ನ ಮುಷ್ಟಿಯನ್ನೇ ನೋಡಿದಳು.

“ಕೇಳಿಸ್ಕಂಡಿದ್ದೇನೋ?”

“ಎಲ್ಲಾ ಕೇಳಿದ್ದೆ. ಹಾಕೋಕ್ ಮುಂಚೆ ಒಂದೊಂದೂ ಕೇಳಿದ್ದೆ.”

ಅವಳು ಇಯರ್‌ಫೋನ್ ತನ್ನ ಕಿವಿಗೆ ಹಾಕಿಕೊಂಡು, ಅದರ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದು ರೆಕಾರ್ಡ್ ಒತ್ತಿದಳು. “ಮಳೆ ಜೋರಾಗೈತೆ. ಸದ್ದು ಎಷ್ಟು ಬರ್ತೈತೆ ನೋಡ್ಬೇಕು. ಏನಾದ್ರೂ ಮಾತಾಡು.”

“ಏನ್ ಮಾತಾಡ್ಲಿ?”

“ಏನಾದ್ರೂ. ಗಟ್ಟಿಯಾಗಿ.”

ಫೋನಿನ ಮೇಲೆ ಕೆಂಪು ಚುಕ್ಕೆ ಮಿನುಗುತ್ತಿತ್ತು. ಅವಳು ಮೈಕ್ ಕೆಳಗಿಳಿಸಲಿಲ್ಲ.

“ಅಳಿಸಿದ್ದು ಗೊತ್ತಿಲ್ದೆ ಆಯ್ತಕ್ಕಾ. ನಿನ್ ಮುಖ ನೋಡ್ಕಂಡು ಎಲ್ಲಾ ಹೋಯ್ತು ಅಂದಿದ್ದು ಗೊತ್ತಿದ್ದೂ ಅಂದಿದ್ದು. ಅವರು ನಿನ್ನ ನಂಬ್ದೇ ಇದ್ದಾಗ ಪಕ್ಕದಲ್ಲೇ ನಿಂತು ಸುಮ್ನಿದ್ದೆ. ತಪ್ಪಾಯ್ತು. ನಂದು ತಪ್ಪಾಯ್ತಕ್ಕಾ.”